ಮಂಡಿಯ ಕೆಳಗೆ ಮಾಂಸವಿಲ್ಲ

— ಎಣ್ಣೆ ಒಂದು ಬರ್ಕೊಡಿ ಸಾಕು ಡಾಕ್ಟ್ರಮ್ಮ, ಜಾಸ್ತಿ ಹೊತ್ತು ತಗೊಳಲ್ಲ. ನಿನ್ನೆ ರಾತ್ರಿ ಅರಮನೆ ಮೈದಾನದಲ್ಲಿ ಮದುವೆ ಮೆರವಣಿಗೆ ಇತ್ತು. ಗಂಡನ್ನ ಇಳಿಸಿ, ಮೇಖ್ರಿ ಸರ್ಕಲ್ ದಾಟಿ, ಆರ್‌.ಟಿ. ನಗರಕ್ಕೆ ನಡೆಸ್ಕೊಂಡು ಬರೋಷ್ಟರಲ್ಲಿ ನಡುರಾತ್ರಿ. ಬೆಳಗ್ಗೆ ನೋಡಿದ್ರೆ ಲಾಯದಿಂದ ಹೊರಗೆ ಹೆಜ್ಜೆ ಇಡೋಕೇ ಒಲ್ಲೆ ಅಂತಿದೆ. ಕಾಲೆಲ್ಲ ಸೆಟ್ಕೊಂಡಿದೆ.

— ಕುದುರೆ ಎಲ್ಲಿ?

— ಮನೇಲೇ ಬಿಟ್ಟು ಬಂದೆ, ಮಗ ಹತ್ರ ಇದಾನೆ. ಹೆಬ್ಬಾಳದ ತನಕ ನಡೆಸೋದೋ ಬೇಡ್ವೋ ಅಂತ ಅನುಮಾನ ಬಂತು. ಮೊಬೈಲಲ್ಲಿ ವಿಡಿಯೋ ಹಿಡ್ಕೊಂಡು ಬಂದಿದೀನಿ.

— ನಡೆಸದೆ ಇದ್ದದ್ದು ಒಳ್ಳೇದಾಯ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಮಗನಿಗೆ ಫೋನ್ ಹಚ್ಚಿ. ಬೆಳಗ್ಗೆಯಿಂದ ಉಚ್ಚೆ ಹೊಯ್ದಿದ್ಯಾ, ಹೊಯ್ದಿದ್ರೆ ಬಣ್ಣ ಏನು, ಕೇಳಿ.

— ಹಳದಿ, ಸ್ವಲ್ಪ ಕದಡಿದಂಗಿದೆ ಅಂತಾನೆ. ಅದು ಯಾವಾಗ್ಲೂ ಹಂಗೇ ಅಲ್ವಾ?

— ಹಂಗೇ. ಕುದುರೆ ಉಚ್ಚೇಲಿ ಸುಣ್ಣದ ಅಂಶ ಜಾಸ್ತಿ, ಕದಡಿರೋದೇ ಸಹಜ. ಡಿಕಾಕ್ಷನ್ ಬಣ್ಣ ಅಂದಿದ್ರೆ ನಾನು ಈಗಲೇ ಬ್ಯಾಗ್ ತಗೊಂಡು ನಿಮ್ಮ ಮನೆಗೆ ಹೊರಡ್ತಿದ್ದೆ. ಫೋನ್ ಇಡಬೇಡಿ, ಇನ್ನೂ ಮೂರು ನೋಡೋಕೆ ಹೇಳಿ. ಸೊಂಟದ ಹಿಂದೆ ಎರಡೂ ಕಡೆ ದಪ್ಪ ಮಾಂಸ ಇದೆಯಲ್ಲ, ಒತ್ತಿದ್ರೆ ಬೆರಳು ಇಳಿಯುತ್ತಾ, ಇಲ್ಲ ಗಟ್ಟಿಯಾಗಿ ನಿಂತಿದೆಯಾ? ನಾಲ್ಕೂ ಗೊರಸಿಗೆ ಅಂಗೈ ಇಟ್ರೆ ಯಾವುದಾದ್ರೂ ಬಿಸಿ ಇದೆಯಾ? ಗಲ್ಲದ ಕೆಳಗೆ ಮೆತ್ತಗೆ ತಟ್ಟಿದ್ರೆ ಕಣ್ಣಿನ ಒಳಮೂಲೆಯಿಂದ ಪೊರೆ ಅಡ್ಡ ಬರುತ್ತಾ?

— ಬೆರಳು ಇಳಿಯುತ್ತಂತೆ, ಆದ್ರೆ ಒತ್ತಿದ ಕೂಡ್ಲೆ ಸೊಂಟ ತಗ್ಗಿಸಿ ಬಾಲ ಬೀಸ್ತಂತೆ. ಗೊರಸು ತಣ್ಣಗಿದೆ. ಪೊರೆಗಿರೆ ಏನೂ ಬರ್ಲಿಲ್ಲ. ಹುಲ್ಲು ತಿಂತಿದೆ, ಕಿವಿ ಆಡಿಸ್ತಿದೆ.

— ಸರಿ, ಇನ್ನು ಫೋನ್ ಇಡಿ. ಗಾಬರಿ ಬೇಡ. ಈಗ ಹೇಳಿ, ಇಲ್ಲೀವರ್ಗೂ ಏನು ತಿಕ್ಕಿದ್ರಿ, ಎಲ್ಲಿ ತಿಕ್ಕಿದ್ರಿ?

— ಕರ್ಪೂರ, ಟರ್ಪೆಂಟೈನು, ಸಾಸಿವೆ ಎಣ್ಣೆ. ಮಂಡಿಯಿಂದ ಶುರು ಮಾಡಿ ಗೊರಸಿನ ತನಕ, ನಾಲ್ಕೂ ಕಾಲಿಗೆ. ನಮ್ಮ ತಾತ ಯಶವಂತಪುರ ಸ್ಟೇಷನ್ ಮುಂದೆ ಜಟಕಾ ಹೊಡೀತಿದ್ರು, ಅವ್ರ ಕಾಲದಿಂದ ಇದೇ ಪದ್ಧತಿ.

— ಮಂಡಿಯ ಕೆಳಗೆ ಮಾಂಸವೇ ಇಲ್ವಲ್ಲ ಯಜಮಾನ್ರೇ.

— ಏನಂದ್ರಿ?

— ಮುಂಗಾಲ ಮಂಡಿಯಿಂದ ಕೆಳಕ್ಕೆ, ಹಿಂಗಾಲಲ್ಲಿ ಹಿಂದಕ್ಕೆ ಎದ್ದು ಕಾಣೋ ಆ ದೊಡ್ಡ ಕೀಲಿನಿಂದ ಕೆಳಕ್ಕೆ, ನೀವು ಕೈಯಲ್ಲಿ ಹಿಡಿಯೋ ಕಾಲೆಲ್ಲ ಮೂಳೆ, ಚರ್ಮ ಮತ್ತೆ ಸ್ನಾಯುರಜ್ಜು. ನೀವು ನರ ಅಂತ ಹಿಡಿದು ನೋಡ್ತೀರಲ್ಲ, ಹಿಂದುಗಡೆ ಹುರಿಯಾಗಿ ಇಳಿದಿರೋದು, ಅದೇ. ಅಷ್ಟು ದೊಡ್ಡ ಪ್ರಾಣಿಯನ್ನ ಓಡಿಸೋ ಮಾಂಸಖಂಡ ಎಲ್ಲ ಮೇಲೇ ಇರೋದು. ಹೆಗಲು, ಬೆನ್ನು, ಪೃಷ್ಠ, ತೊಡೆ. ಕಾಲು ಹಗುರ ಇದ್ದಷ್ಟೂ ಬೇಗ ಬೀಸಬಹುದು, ಅದಕ್ಕೇ ಭಾರ ಎಲ್ಲ ಮೇಲೆ, ಕೆಳಗೆ ಬರೀ ಹುರಿ. ನಿಮ್ಮ ಕುದುರೆ ಕಾಲು ಸೆಟ್ಕೊಂಡು ಇಡ್ತಿದೆ ಅಂದ್ರೆ ನೋವು ಕಾಲಲ್ಲೇ ಇರಬೇಕು ಅಂತೇನಿಲ್ಲ. ಸೊಂಟ ಒತ್ತಿದಾಗ ತಗ್ಗಿಸ್ತಲ್ಲ, ಅಲ್ಲಿದೆ ಅದು. ನೀವು ಎಣ್ಣೆ ಹಾಕಿದ್ದು ಬೇರೆ ಊರಿಗೆ.

— ಹಂಗಾದ್ರೆ ಮೂರು ತಲೆಮಾರು ತಿಕ್ಕಿದ್ದು ನೀರಲ್ಲಿ ಹೋಮ ಆಯ್ತಾ?

— ಆಗಿಲ್ಲ. ಅದಕ್ಕೆ ಆಮೇಲೆ ಬರ್ತೀನಿ. ನಿನ್ನೆ ಕುಣಿಸಿದ್ರಾ?

— ಕುಣಿಸದೆ ಇದ್ರೆ ಯಾರು ದುಡ್ಡು ಕೊಡ್ತಾರೆ? ಬ್ಯಾಂಡಿನ ಮುಂದೆ ಮುಂಗಾಲು ಎತ್ತಿ ಎರಡು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ ಮುಂದಕ್ಕೆ. ಗಂಡಿನ ತಮ್ಮಂದಿರು ಮತ್ತೆ ಮತ್ತೆ ಕೇಳಿದ್ರು. ಮಧ್ಯ ಮಧ್ಯ ಫೋಟೋಗೆ ಅಂತ ನಿಲ್ಲಿಸಿಬಿಡೋರು.

— ನೋಡಿ, ಅಲ್ಲಿದೆ ಮೂಲ. ಮುಂಗಾಲು ಎತ್ತಿ ನಿಂತಾಗ ಮೈಭಾರ ಅಷ್ಟೂ ಹಿಂದಿನ ಮಾಂಸದ ಮೇಲೆ. ಎತ್ತೋವಾಗಲ್ಲ, ಇಳಿಸೋವಾಗ ಪೆಟ್ಟು ಜಾಸ್ತಿ. ನಂದಿ ಬೆಟ್ಟ ಮೆಟ್ಟಿಲು ಹತ್ತಿ ಇಳಿದವರಿಗೆ ಮಾರನೇ ದಿನ ತೊಡೆ ಹಿಡ್ಕೊಳುತ್ತಲ್ಲ, ಹತ್ತಿದ್ದಕ್ಕಲ್ಲ ಅದು, ಇಳಿದದ್ದಕ್ಕೆ. ಮಾಂಸದ ಎಳೆ ಉದ್ದ ಆಗ್ತಾ ಆಗ್ತಾನೇ ಭಾರ ತಡೀಬೇಕಾದಾಗ ಒಳಗೆ ಸಣ್ಣಸಣ್ಣ ಬಿರುಕು ಬೀಳುತ್ತೆ, ಅದು ಊದ್ಕೊಳುತ್ತೆ. ನೋವು ಕಾಣಿಸ್ಕೊಳೋದು ಒಂದು ದಿನ, ಎರಡು ದಿನ ಆದ್ಮೇಲೆ. ಜಿಮ್ಮಿಗೆ ಹೋಗೋರು ಲ್ಯಾಕ್ಟಿಕ್ ಆಸಿಡ್ ಕಟ್ಕೊಂಡಿದೆ ಅಂತಾರಲ್ಲ, ಅದು ಹಳೇ ತಪ್ಪು. ಲ್ಯಾಕ್ಟೇಟು ಒಂದೆರಡು ಗಂಟೇಲಿ ರಕ್ತದಿಂದ ಕರಗಿ ಹೋಗಿರುತ್ತೆ. ಮಾರನೇ ದಿನ ಬೆಳಗಿನ ನೋವಿಗೆ ಅದನ್ನ ಬೈದು ಪ್ರಯೋಜನ ಇಲ್ಲ.

— ನೀವು ಆ ಡಿಕಾಕ್ಷನ್ ಬಣ್ಣ ಅಂದ್ರಲ್ಲ, ಅದೇನು?

— ಅದು ಬೇರೆ ಕಥೆ, ಹೆದರಬೇಕಾದ ಕಥೆ. ಕೆಲವು ಸಲ ಮಾಂಸದ ಎಳೆ ಬಿರುಕು ಬಿಡೋದಲ್ಲ, ರಾಶಿ ರಾಶಿ ಒಡೆದು ಹೋಗುತ್ತೆ. ಒಳಗಿದ್ದ ಮಯೋಗ್ಲೋಬಿನ್ ಅನ್ನೋ ಕೆಂಪು ಪದಾರ್ಥ ರಕ್ತಕ್ಕೆ ಬಂದು, ಮೂತ್ರಪಿಂಡದಲ್ಲಿ ಸಿಕ್ಕಿ, ಉಚ್ಚೆಯಲ್ಲಿ ಕಪ್ಪಾಗಿ ಇಳಿಯುತ್ತೆ. ಮೂತ್ರಪಿಂಡ ಕೆಟ್ರೆ ಕುದುರೆ ಉಳಿಯೋದು ಕಷ್ಟ. ರೇಸ್ ಕೋರ್ಸಲ್ಲಿ ಟೈಯಿಂಗ್ ಅಪ್ ಅಂತಾರೆ. ಯುರೋಪಲ್ಲಿ ಗಾಡಿ ಎಳೆಯೋ ಕುದುರೆಗಳ ಕಾಲದಲ್ಲಿ ಇದಕ್ಕೆ ಸೋಮವಾರದ ಕಾಯಿಲೆ ಅಂತಲೇ ಹೆಸರಿತ್ತು. ವಾರವೆಲ್ಲ ದುಡಿಸಿ, ಭಾನುವಾರ ರಜಾ ಕೊಟ್ಟು, ಕಾಳು ಮಾತ್ರ ದುಡಿಯೋ ದಿನದಷ್ಟೇ ಹಾಕೋರು. ಸೋಮವಾರ ಗಾಡಿ ಕಟ್ಟಿ ಸ್ವಲ್ಪ ದೂರ ಹೋಗೋಷ್ಟರಲ್ಲಿ ಬೆವರು, ನಡುಕ, ಹಿಂಭಾಗ ಕಲ್ಲು, ಮುಂದಕ್ಕೆ ಒಂದು ಹೆಜ್ಜೆ ಇಲ್ಲ.

— ನಮ್ಮ ತಾತ ಅಮಾವಾಸ್ಯೆ ದಿನ ಗಾಡಿ ಕಟ್ತಿರ್ಲಿಲ್ಲ. ಪಾಪ ಇವತ್ತಾದ್ರೂ ತಿನ್ಲಿ ಅಂತ ಹುರುಳಿ ಬೇಯಿಸಿ ಎರಡು ಪಾಲು ಹಾಕೋರು.

— ಪ್ರೀತಿಗೆ ಮಾಡಿದ್ದು. ಕುದುರೆಗೆ ಮಾತ್ರ ಅದೇ ಅಪಾಯ. ಕೆಲಸ ಇಲ್ಲದ ದಿನ ಹುರುಳಿ, ಬೂಸಾ ಅರ್ಧಕ್ಕಿಂತ ಕಡಿಮೆ ಮಾಡಿ, ಹುಲ್ಲು ಎಷ್ಟು ಬೇಕಾದ್ರೂ ಹಾಕಿ. ಇನ್ನೊಂದು ಮಾತು ಮನಸ್ಸಲ್ಲಿ ಇಟ್ಕೊಳಿ, ಇವತ್ತು ನಾನು ಹೇಳೋದ್ರಲ್ಲಿ ಇದೇ ಮುಖ್ಯ. ಸಾಧಾರಣ ಮೈಕೈ ನೋವಿಗೆ ಮೆಲ್ಲಗೆ ನಡೆಸೋದು ಔಷಧಿ. ಈ ಕಾಯಿಲೆಗೆ ನಡೆಸೋದೇ ವಿಷ. ಒಂದೊಂದು ಹೆಜ್ಜೆಗೂ ಇನ್ನಷ್ಟು ಎಳೆ ಒಡೆಯುತ್ತೆ. ರಸ್ತೆ ಮಧ್ಯ ನಿಂತ್ರೆ ರಸ್ತೆ ಮಧ್ಯವೇ ನಿಲ್ಲಿಸಿ, ನೀರು ಕೊಡಿ, ಡಾಕ್ಟರನ್ನ ಅಲ್ಲಿಗೆ ಕರೆಸಿ. ಬಳ್ಳಾರಿ ರಸ್ತೇಲಿ ಹಾರನ್ ಹೊಡೆಯೋರು ಹೊಡೀಲಿ. ಹೆಬ್ಬಾಳಕ್ಕೆ ನಡೆಸ್ಕೊಂಡು ಬರದೆ ಇದ್ದದ್ದು ಒಳ್ಳೇದಾಯ್ತು ಅಂದಿದ್ದು ಅದಕ್ಕೇ.

— ಗೊರಸು ಬಿಸಿ ಇದೆಯಾ ಅಂದಿದ್ದು?

— ಕಾಳಿನ ಡಬ್ಬ ಬಿಚ್ಕೊಂಡು ತಿಂದುಬಿಟ್ಟ ಕುದುರೆಗೆ ಗೊರಸಿನ ಒಳಪದರ ಉರಿಯೂತ ಆಗುತ್ತೆ, ಲ್ಯಾಮಿನೈಟಿಸ್. ಮುಂಗಾಲು ಮುಂದಕ್ಕೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಂತಿರುತ್ತೆ. ನೋಡೋರಿಗೆ ಕಾಲು ಸೆಟ್ಕೊಂಡಂಗೇ ಕಾಣುತ್ತೆ. ಕಣ್ಣಿನ ಪೊರೆ ಕೇಳಿದ್ದು ಧನುರ್ವಾಯುಗೆ. ಸಾಕುಪ್ರಾಣಿಗಳಲ್ಲಿ ಅದು ಕುದುರೆಯನ್ನ ಹಿಡಿದಷ್ಟು ಸುಲಭವಾಗಿ ಯಾವುದನ್ನೂ ಹಿಡಿಯಲ್ಲ. ನಮ್ಮ ರಸ್ತೆಗಳಲ್ಲಿ ಮೊಳೆಗೆ ಬರ ಇಲ್ಲ. ಮೆಟ್ರೋ ಕೆಲಸ, ಪೆಂಡಾಲು ಕಿತ್ತ ಜಾಗ, ಒಂದು ಮೊಳೆ ಗೊರಸಿಗೆ ಹೊಕ್ಕು ಮುಚ್ಕೊಂಡ್ರೆ ಹೊರಗೆ ಏನೂ ಕಾಣಲ್ಲ. ಆಮೇಲೆ ಮೈಯೆಲ್ಲ ಬಿರುಸು. ಇಂಜೆಕ್ಷನ್ ವರ್ಷ ವರ್ಷ ಹಾಕಿಸ್ತಿದೀರಾ?

— ಹಾಕಿಸಿದೀನಿ, ಚೀಟಿ ಇದೆ. ಅಲ್ಲಾ ಡಾಕ್ಟ್ರಮ್ಮ, ಸೆಟ್ಕೊಂಡಿದೆ ಅನ್ನೋ ಒಂದು ಮಾತಿನ ಹಿಂದೆ ಇಷ್ಟೊಂದಾ?

— ಅದಕ್ಕೇ ಎಣ್ಣೆ ಆಮೇಲೆ ಅಂದಿದ್ದು. ನಿಮ್ಮ ಕುದುರೆಗೆ ಆಗಿರೋದು ಈ ಎಲ್ಲದಕ್ಕಿಂತ ಚಿಕ್ಕದು, ದಣಿವಿನ ನೋವು. ನಿನ್ನೆ ಮನೆಗೆ ಬಂದ ಮೇಲೆ ಏನು ಮಾಡಿದ್ರಿ ಹೇಳಿ.

— ಜೀನು ಬಿಚ್ಚಿ ಕಟ್ಟಿದೆ. ಬೆವರು ಆರೋ ತನಕ ನೀರು ತೋರಿಸ್ಲಿಲ್ಲ. ಬಿಸಿ ಮೈಗೆ ತಣ್ಣೀರು ಹಾಕಿದ್ರೆ ಹಿಡ್ಕೊಳುತ್ತೆ, ಕುಡಿಸಿದ್ರೆ ಹೊಟ್ಟೆ ನೋವು ಬರುತ್ತೆ ಅಂತಾರಲ್ಲ.

— ಎಲ್ಲರೂ ಹಂಗೇ ಅನ್ಕೊಂಡಿದ್ರು, ದೊಡ್ಡ ದೊಡ್ಡ ತರಬೇತುದಾರರು ಕೂಡ. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಇತ್ತು. ಸೆಕೆ ಅಂದ್ರೆ ಸೆಕೆ. ಕುದುರೆ ಸತ್ತು ಹೋದ್ರೆ ಏನ್ ಗತಿ ಅಂತ ಮೊದಲೇ ಪರೀಕ್ಷೆ ಮಾಡಿ ನೋಡಿದ್ರು. ಓಡಿ ಬಂದ ಕುದುರೆ ಮೈಮೇಲೆ ಐಸ್ ನೀರು ಸುರಿದ್ರು. ಮಾಂಸ ಹಿಡ್ಕೊಳ್ಲಿಲ್ಲ, ಬೇಗ ತಣ್ಣಗಾಯ್ತು, ಅಷ್ಟೇ. ಅಲ್ಲಿಂದ ಈಚೆಗೆ ಅದೇ ಪದ್ಧತಿ. ನೀರು ಸುರೀತಾನೇ ಇರಬೇಕು, ಎದೆ ಮೇಲೆ, ಕುತ್ತಿಗೆ ಮೇಲೆ, ಹಿಂಭಾಗದ ಮೇಲೆ. ಕುಡಿಯೋಕೂ ಅಷ್ಟೇ, ಕೇಳಿದ ಕೂಡ್ಲೆ ಕೊಡಿ. ಬೆವರು ಆರಿದ ಮೇಲೆ ಎಷ್ಟೋ ಕುದುರೆಗಳಿಗೆ ಕುಡಿಯೋ ಮನಸ್ಸೇ ಹೋಗುತ್ತೆ.

— ಬೆವರು ಅಷ್ಟು ಹರಿದಿರುತ್ತೆ, ಬಾಯಾರಿಕೆ ಆಗಲ್ವಾ?

— ಇದು ಕುದುರೆಯ ವಿಚಿತ್ರ. ನಮ್ಮ ಬೆವರು ರಕ್ತಕ್ಕಿಂತ ತೆಳು, ಉಪ್ಪು ಕಡಿಮೆ. ನೀರು ಹೋದಷ್ಟು ಉಪ್ಪು ಹೋಗಲ್ಲ, ರಕ್ತ ಉಪ್ಪಾಗುತ್ತೆ, ನಮಗೆ ಬಾಯಾರುತ್ತೆ. ಕುದುರೆ ಬೆವರು ರಕ್ತಕ್ಕಿಂತ ಉಪ್ಪು. ನೀರಿನ ಜೊತೆ ಉಪ್ಪನ್ನೂ ಕಳ್ಕೊಳ್ಳೋದ್ರಿಂದ ತನಗೆ ನೀರು ಬೇಕು ಅಂತ ಅದಕ್ಕೆ ಗೊತ್ತೇ ಆಗಲ್ಲ. ಸೆಕೆಯಲ್ಲಿ ಜೋರಾಗಿ ದುಡಿದ್ರೆ ಗಂಟೆಗೆ 10 ಲೀಟರ್ ಮೇಲೂ ಬೆವರಬಹುದು. ಜೀನಿನ ಕೆಳಗೆ ನೊರೆ ಬರುತ್ತಲ್ಲ, ಬೆವರಿನಲ್ಲಿ ಲ್ಯಾಥರಿನ್ ಅನ್ನೋ ಒಂದು ಪ್ರೋಟೀನ್ ಇದೆ, ಅದು ಬೆವರನ್ನ ದಪ್ಪ ಕೂದಲ ಮೂಲಕ ಹೊರಗೆ ಹರಡುತ್ತೆ. ಇಷ್ಟೆಲ್ಲ ಕಳೆದ ಮೇಲೆ ಉಪ್ಪು ಕೊಡದೆ, ನೀರು ಕೊಡದೆ, ರಾತ್ರಿಯೆಲ್ಲ ಕಟ್ಟಿಹಾಕಿದ್ರೆ ಮಾಂಸ ಹೇಗೆ ಸಡಿಲ ಆಗುತ್ತೆ? ಎಣ್ಣೆಗಿಂತ ಮುಂಚೆ ಬಕೆಟ್ಟು.

— ಇವತ್ತು ಏನು ಮಾಡ್ಲಿ ಹೇಳಿ.

— ಮನೆಗೆ ಹೋದ ಮೇಲೆ ಲಾಯದ ಮುಂದೆ ಮಣ್ಣಿನ ಜಾಗ ಇದ್ರೆ ಮೆಲ್ಲಗೆ, ಹಗ್ಗ ಸಡಿಲ ಬಿಟ್ಟು, ಹತ್ತು ನಿಮಿಷ ನಡೆಸಿ. ಮತ್ತೆ ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಟಾರು ರೋಡು ಬೇಡ. ರಾತ್ರಿ ನಿಂತಲ್ಲೇ ನಿಂತು ಕಾಲ ಕೆಳಗೆ ಊದ್ಕೊಂಡಿದ್ರೆ, ನಡೀತಾ ನಡೀತಾ ಅದೂ ಇಳಿಯುತ್ತೆ. ಗೊರಸು ನೆಲ ಮುಟ್ಟಿದಾಗೆಲ್ಲ ರಕ್ತವನ್ನ ಮೇಲಕ್ಕೆ ತಳ್ಳುತ್ತೆ, ಕೆಳಗೆ ಮಾಂಸ ಇಲ್ಲದ ಕಾಲಿಗೆ ಇರೋ ಪಂಪು ಅದೊಂದೇ. ಮೂಳೆ ಹಿಂದಿನ ಹುರಿ ಒಂದು ಕಡೆ ಬಿಸಿ ಅನ್ಸಿದ್ರೆ ಅಲ್ಲಿಗೆ ಮಾತ್ರ ತಣ್ಣೀರು, ಇಪ್ಪತ್ತು ನಿಮಿಷ, ಪೈಪು ಹಿಡಿದು. ಸೊಂಟಕ್ಕೆ ನಾಳೆ ನಾಡಿದ್ದು ಬಿಸಿನೀರಿನ ಗೋಣಿ ಕಾವು ಕೊಡಬಹುದು. ಇವತ್ತು ಬೇಡ, ಊತ ಹೊಸದು.

— ನೋವಿನ ಮಾತ್ರೆ? ನಾನು ಮೆಡಿಕಲ್ ಶಾಪಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ತಂದು ಇಟ್ಕೊಂಡಿದೀನಿ. ಮನುಷ್ಯರದೇ, ಆದ್ರೂ ಕೆಲಸ ಮಾಡುತ್ತೆ ಅಂದ್ರು.

— ಅದನ್ನ ಎತ್ತಿಡಿ, ಕುದುರೆಗೆ ಮುಟ್ಟಿಸಬೇಡಿ. ನೀರು ಕಡಿಮೆ ಇರೋ ಮೈಗೆ ಅಂಥ ಔಷಧಿ ಬಿದ್ರೆ ಮೂತ್ರಪಿಂಡಕ್ಕೆ ಪೆಟ್ಟು, ಹೊಟ್ಟೇಲಿ ಹುಣ್ಣು. ಅದು ಒಂದು. ಇನ್ನೊಂದು, ಅದನ್ನ ಪ್ರಾಣಿಗಳಿಗೆ ಕೊಡೋದನ್ನ 2006ರಲ್ಲೇ ಸರ್ಕಾರ ನಿಷೇಧ ಮಾಡಿದೆ. ಔಷಧಿ ತಗೊಂಡ ಜಾನುವಾರು ಸತ್ತು, ಅದರ ಮಾಂಸ ರಣಹದ್ದು ತಿಂದ್ರೆ, ಹದ್ದಿನ ಮೂತ್ರಪಿಂಡ ಹೋಗಿ ಅದೂ ಸಾಯುತ್ತೆ. ದೇಶದ ರಣಹದ್ದುಗಳಲ್ಲಿ ಬಹುಪಾಲು ಹಂಗೇ ಮುಗಿದು ಹೋದ್ವು. ರಾಮನಗರದ ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದು ಧಾಮ ಅಂತ ಮಾಡಿದ್ದು ಉಳಿದ ನಾಲ್ಕಾರು ಹಕ್ಕಿಗಳಿಗಾಗಿ. ಮನುಷ್ಯರ ಇಂಜೆಕ್ಷನ್ನೇ ದನಕ್ಕೆ ಚುಚ್ತಾರೆ ಅಂತ 2015ರಲ್ಲಿ ದೊಡ್ಡ ಬಾಟಲಿ ನಿಲ್ಲಿಸಿ, ಒಂದು ಡೋಸಿನ 3 ಎಂ.ಎಲ್. ಮಾತ್ರ ಮಾರಬೇಕು ಅಂದ್ರು. ನೋವು ತಡೀಲಾರದಷ್ಟು ಇದ್ರೆ ನಾನೇ ಬರೆದು ಕೊಡ್ತೀನಿ, ಅದೂ ಕುದುರೆ ಚೆನ್ನಾಗಿ ನೀರು ಕುಡಿದ ಮೇಲೆ.

— ಸರಿ ಬಿಡಿ. ಹಂಗಿದ್ರೆ ಎಣ್ಣೆಗೆ ಒಣಮೆಣಸಿನಕಾಯಿ ಹಾಕಿ ಕಾಯಿಸ್ತಾರೆ ಕೆಲವರು. ಕಾವು ಚೆನ್ನಾಗಿ ಬರುತ್ತೆ ಅಂತ.

— ಕಾವು ಬರುತ್ತೆ, ಸುಳ್ಳಲ್ಲ. ಮೆಣಸಿನಕಾಯಿಯ ಖಾರ, ಕ್ಯಾಪ್ಸೈಸಿನ್, ಮೊದಲು ಉರಿಸಿ ಆಮೇಲೆ ನೋವು ಗೊತ್ತಾಗದಂಗೆ ಮಾಡುತ್ತೆ. ಅದಕ್ಕೇ ಸ್ಪರ್ಧೆಗಳಲ್ಲಿ ಅದು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸಿನ ಕುದುರೆ ಸ್ಪರ್ಧೆ ಹಾಂಗ್‌ಕಾಂಗಲ್ಲಿ ನಡೀತು. ನಾರ್ವೆ ತಂಡದ ಒಂದು ಕುದುರೆ ಮೈಯಲ್ಲಿ ಕ್ಯಾಪ್ಸೈಸಿನ್ ಸಿಕ್ಕಿ, ಇಡೀ ತಂಡಕ್ಕೆ ಬಂದಿದ್ದ ಕಂಚು ಹೋಯ್ತು. ನಿಮ್ಮ ಮದುವೆ ಮೆರವಣಿಗೆಗೆ ಯಾರೂ ರಕ್ತ ಪರೀಕ್ಷೆ ಮಾಡಲ್ಲ, ಗೊತ್ತು. ಆದ್ರೆ ಖಾರದೆಣ್ಣೆ ಹಚ್ಚಿ ಮೇಲೆ ಬ್ಯಾಂಡೇಜು ಕಟ್ಟಿ ಚರ್ಮ ಸುಲಿದ ಕುದುರೆಗಳು ನನ್ನ ಹತ್ರ ಬಂದಿವೆ. ಎಣ್ಣೆ ಹಚ್ಚಿದ್ರೆ ಕಟ್ಟಬೇಡಿ, ಕಟ್ಟಿದ್ರೆ ಎಣ್ಣೆ ಹಚ್ಚಬೇಡಿ.

— ಒಲಿಂಪಿಕ್ಸ್ ಅಂದ್ರೆ ನೆನಪಾಯ್ತು. ಏರ್‌ಪೋರ್ಟ್ ರೋಡಲ್ಲಿ ಎಂಬೆಸಿಯವರ ಕುದುರೆ ಸವಾರಿ ಶಾಲೆ ಇದೆಯಲ್ಲ, ಅಲ್ಲಿ ಕಲಿತ ಹುಡುಗ ಹೋಗಿದ್ನಂತೆ.

— ಫವಾದ್ ಮಿರ್ಜಾ. ಬೆಂಗಳೂರಿನವರೇ. ಅವರ ತಂದೆ ಕುದುರೆ ವೈದ್ಯರು. 2018ರಲ್ಲಿ ಜಕಾರ್ತ ಏಷ್ಯನ್ ಗೇಮ್ಸಲ್ಲಿ ವೈಯಕ್ತಿಕ ಬೆಳ್ಳಿ, ತಂಡದ ಬೆಳ್ಳಿ. 2021ರಲ್ಲಿ ಟೋಕಿಯೋದಲ್ಲಿ ಫೈನಲ್ ತನಕ ಹೋಗಿ 23ನೇ ಸ್ಥಾನ. ಆ ಸ್ಪರ್ಧೆಯ ಒಂದು ನಿಯಮ ನಿಮಗೆ ಉಪಯೋಗಕ್ಕೆ ಬರುತ್ತೆ. ಒಂದು ದಿನ ಕಾಡುಮೇಡಿನ ಹಾದಿಯಲ್ಲಿ ಬೇಲಿ, ಹಳ್ಳ ಹಾರ್ಕೊಂಡು ಓಡಬೇಕು. ಮಾರನೇ ದಿನ ಮೈದಾನದಲ್ಲಿ ಅಡ್ಡಗಂಬ ಹಾರಬೇಕು. ಈ ಎರಡರ ಮಧ್ಯ ವೈದ್ಯರ ಮುಂದೆ ಕುದುರೆಯನ್ನ ಗಟ್ಟಿ ನೆಲದ ಮೇಲೆ ನೇರವಾಗಿ ದುಡುಕಿಯಲ್ಲಿ ಓಡಿಸಿ ತೋರಿಸಬೇಕು. ಸೆಟ್ಕೊಂಡಿದ್ರೆ, ಕುಂಟಿದ್ರೆ, ಅಲ್ಲಿಗೇ ಮುಗೀತು. ಎಷ್ಟು ದೊಡ್ಡ ಸವಾರ ಆಗಿದ್ರೂ ಸರಿ.

— ನಮ್ಮ ಕುದುರೆಗೆ ಆ ಪರೀಕ್ಷೆ ಯಾರು ಮಾಡ್ತಾರೆ?

— ನೀವೇ. ನೀವು ತಿಕ್ಕಿದ್ದು ವ್ಯರ್ಥ ಆಗಿಲ್ಲ ಅಂದ್ನಲ್ಲ, ಇದಕ್ಕೇ. ದಿನಾ ನಾಲ್ಕೂ ಕಾಲು ಸವರಿದ ಕೈಗೆ ಯಾವ ಕಾಲು ಎಷ್ಟು ಬಿಸಿ ಇರುತ್ತೆ, ಯಾವ ಹುರಿ ಎಷ್ಟು ದಪ್ಪ ಅಂತ ಗೊತ್ತು. ನಿನ್ನೆಗಿಂತ ಇವತ್ತು ಸ್ವಲ್ಪ ಬೇರೆ ಅನ್ಸಿದ್ರೆ ನನ್ನ ಸ್ಕ್ಯಾನಿಂಗ್ ಮಿಷನ್‌ಗಿಂತ ಮುಂಚೆ ನಿಮ್ಮ ಅಂಗೈಗೆ ಗೊತ್ತಾಗುತ್ತೆ. ಎಣ್ಣೆ ಏನು ಮಾಡ್ತೋ ಬಿಡ್ತೋ, ಎಣ್ಣೆ ನೆಪದಲ್ಲಿ ನಿಮ್ಮ ತಾತ ದಿನಾ ಕುದುರೆಯನ್ನ ಪರೀಕ್ಷೆ ಮಾಡ್ತಿದ್ರು. ನಮ್ಮವರಿಗೆ ಕುದುರೆ ವೈದ್ಯ ಹೊಸದೂ ಅಲ್ಲ. ಅಭಿನವಚಂದ್ರ 14ನೇ ಶತಮಾನದಲ್ಲೇ ಕನ್ನಡದಲ್ಲಿ ಅಶ್ವವೈದ್ಯದ ಮೇಲೆ ಗ್ರಂಥ ಬರೆದಿದಾನೆ. ನಮ್ಮ ಈ ಹೆಬ್ಬಾಳದ ಕಾಲೇಜು ಶುರುವಾಗಿದ್ದು 1958ರಲ್ಲಿ.

— ಹಂಗಾದ್ರೆ ಮಾಲೀಶು ಮಾಡ್ಲೋ ಬೇಡ್ವೋ? ಕೈ ಸುಮ್ನಿರಲ್ಲ ನಂಗೆ.

— ಮಾಡಿ, ಜಾಗ ಬದಲಾಯಿಸಿ. ಅಂಗೈಯಲ್ಲಿ ಪೃಷ್ಠದ ಮೇಲೆ, ಬೆನ್ನಿನ ಎರಡೂ ಪಕ್ಕ, ಬೆನ್ನುಮೂಳೆ ಬಿಟ್ಟು, ಕೂದಲು ಹೋಗೋ ದಿಕ್ಕಿಗೆ ನಿಧಾನವಾಗಿ. ಕಿವಿ ಸಡಿಲ ಬಿಟ್ಟು ತುಟಿ ಜೋತುಬಿಟ್ರೆ ಸರಿಯಾದ ಜಾಗ. ಕಿವಿ ಹಿಂದಕ್ಕೆ ಹಾಕಿದ್ರೆ ನಿಲ್ಲಿಸಿ. ಮಾಲೀಶಿನಿಂದ ಹರಿದ ಎಳೆ ಬೇಗ ಕೂಡುತ್ತೆ ಅಂತ ನಾನು ಹೇಳಲ್ಲ. ಆದ್ರೆ ಅಯಾಲು ಮುಗಿದು ಬೆನ್ನು ಶುರುವಾಗೋ ಜಾಗ ಇದೆಯಲ್ಲ, ಕುದುರೆಗಳು ಒಂದನ್ನೊಂದು ಹಲ್ಲಲ್ಲಿ ಕೆರೆದು ಕೊಡ್ತಾವಲ್ಲ, ಅಲ್ಲಿ ಕೈಯಲ್ಲಿ ಕೆರೆದ್ರೆ ಎದೆಬಡಿತ ಇಳಿಯುತ್ತೆ ಅಂತ 1993ರಲ್ಲಿ ಫ್ರಾನ್ಸಿನ ಕುದುರೆಗಳ ಮೇಲೆ ಅಳತೆ ಮಾಡಿ ತೋರಿಸಿದಾರೆ. ನೆಮ್ಮದಿ ಸಿಗುತ್ತೆ ಅದಕ್ಕೆ. ಅದು ಕಡಿಮೆಯೇನಲ್ಲ.

— ನಾಳೆ ಯಲಹಂಕ ನ್ಯೂ ಟೌನಲ್ಲಿ ಒಂದು ಮದುವೆ ಒಪ್ಕೊಂಡಿದೀನಿ. ಅಡ್ವಾನ್ಸೂ ತಗೊಂಡಿದೀನಿ.

— ಬೆಳಗ್ಗೆ ಟಾರು ರೋಡಲ್ಲಿ ಮಗನ ಕೈಲಿ ಐವತ್ತು ಹೆಜ್ಜೆ ದುಡುಕಿ ಓಡಿಸಿ, ನೀವು ಎದುರಿಗೆ ನಿಂತು ನೋಡಿ. ತಲೆ ಒಂದೇ ಮಟ್ಟದಲ್ಲಿರಬೇಕು. ಒಂದು ಮುಂಗಾಲು ಊರಿದಾಗೆಲ್ಲ ತಲೆ ಮೇಲಕ್ಕೆ ಎತ್ತಿದ್ರೆ ಆ ಕಾಲಲ್ಲಿ ನೋವಿದೆ ಅಂತ. ಹಿಂದೆಯಿಂದ ನೋಡಿದಾಗ ಸೊಂಟದ ಒಂದು ಪಕ್ಕ ಜಾಸ್ತಿ ಎಗರಿದ್ರೂ ಅಷ್ಟೇ. ಸಮ ಇದ್ರೂ ನಾಳೆ ಕುಣಿಸೋ ಹಾಗಿಲ್ಲ. ಬರೀ ನಡಿಗೆ.

— ಕುಣಿಯಲ್ಲ ಅಂದ್ರೆ ಅರ್ಧ ದುಡ್ಡು ಹಿಡ್ಕೋತಾರೆ.

— ಹಿಡ್ಕೊಳ್ಲಿ. ನಾಳೆ ಕುಣಿಸಿ ಇನ್ನಷ್ಟು ನೋವು ಮಾಡಿದ್ರೆ ಮುಂದಿನ ಮುಹೂರ್ತಗಳೆಲ್ಲ ಹೋಗುತ್ತೆ. ನಿಮ್ಮವರಲ್ಲೇ ಬೇರೆಯವರ ಕುದುರೆ ಇರುತ್ತಲ್ಲ, ಅದನ್ನ ಕಳಿಸಿ. ಹೋದ್ರೂ ಮೆರವಣಿಗೆ ಶುರುವಾಗೋಕೆ ಮುಂಚೆ ಕಾಲು ಗಂಟೆ ಸುಮ್ನೆ ನಡೆಸಿ, ಮೈ ಬಿಸಿ ಆಗ್ಲಿ. ಫೋಟೋಗೆ ಅಂತ ನಿಲ್ಲಿಸಿದಾಗ ಒಂದೆರಡು ಸುತ್ತು ಹಾಕಿಸ್ತಾ ಇರಿ. ವಾಪಸ್ ಬರೋವಾಗ ಲಾರಿ ಸಿಕ್ರೆ ಲಾರೀಲಿ ತನ್ನಿ.

— ಉಪ್ಪು ಎಷ್ಟು ಹಾಕ್ಲಿ?

— ದಿನಕ್ಕೆ 25 ಗ್ರಾಂ ಅನ್ಕೊಳಿ, ಬೆವರಿದ ದಿನ ಅದರ ಎರಡರಷ್ಟು. ಬೂಸಾ ನೆನೆಸಿ ಅದರಲ್ಲಿ ಕಲಸಿ. ಪಕ್ಕದಲ್ಲಿ ಬರೀ ನೀರಿನ ಬಕೆಟ್ಟು ಯಾವಾಗ್ಲೂ ಇರಬೇಕು. ನೀರಿಲ್ಲದೆ ಉಪ್ಪು ಕೊಟ್ರೆ ಕೊಡದೆ ಇದ್ದದ್ದಕ್ಕಿಂತ ಕೆಟ್ಟದ್ದು.

— ಅಂಗಡಿ ಪುಡಿ ಉಪ್ಪಾ, ಕಲ್ಲುಪ್ಪಾ?

— ಯಾವುದಾದ್ರೂ ಸರಿ. ಮನೇಲಿ ಸಾರಿಗೆ ಹಾಕೋದೇ ಹಾಕಿ.